ಬೆಳೆಯುವ ಹಂದಿಗೆ ಖನಿಜ: ಸುಣ್ಣ ಹೆಚ್ಚಾದರೆ ಸತು ಸಿಗದು

ಪ್ರಶ್ನೆ: ಮೂರೂವರೆ ತಿಂಗಳ 18 ಹಂದಿಗಳಿವೆ. ಹೆಚ್ಚಿನವಕ್ಕೆ ಕಾಲು, ತೊಡೆ, ಹೊಟ್ಟೆಯ ಕೆಳಗೆ ಚರ್ಮ ದಪ್ಪಗಾಗಿ, ಚಕ್ಕೆ ಎದ್ದು, ಬಿರುಕು ಬಿಟ್ಟಿದೆ. ಕಜ್ಜಿ ಎಂದು ಎರಡು ಸಲ ಐವರ್‌ಮೆಕ್ಟಿನ್ ಕೊಡಿಸಿದರೂ ಗುಣವಾಗಿಲ್ಲ. ಮೇವು ಮನೆಯಲ್ಲೇ ಕಲೆಸುತ್ತೇವೆ: ಮೆಕ್ಕೆಜೋಳ, ಸೋಯಾ ಹಿಂಡಿ, ಗೋಧಿ ಬೂಸಾ. ಕಾಲು ಗಟ್ಟಿಯಾಗಲಿ ಎಂದು ಕ್ವಿಂಟಲ್‌ಗೆ 3 ಕೆ.ಜಿ. ಸುಣ್ಣಕಲ್ಲಿನ ಪುಡಿ, 1 ಕೆ.ಜಿ. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್), ಅರ್ಧ ಕೆ.ಜಿ. ಉಪ್ಪು ಹಾಕುತ್ತೇವೆ. (ದೊಡ್ಡಬಳ್ಳಾಪುರ)

ಉತ್ತರ: ನೀವು ಬರೆದ ಪಟ್ಟಿಯಲ್ಲೇ ಕಾರಣ ಕೂತಿದೆ. ಸುಣ್ಣಕಲ್ಲಿನ ಪುಡಿಯಲ್ಲಿ ಶೇ 38ರಷ್ಟು ಕ್ಯಾಲ್ಸಿಯಂ. 3 ಕೆ.ಜಿ. ಹಾಕಿದರೆ ಮೇವಿಗೆ ಶೇ 1.14 ಸೇರಿತು. ಡಿಸಿಪಿಯಿಂದ ಇನ್ನೊಂದು 0.23, ಕಾಳು-ಹಿಂಡಿಯಿಂದ ಸುಮಾರು 0.10. ಒಟ್ಟು ಶೇ 1.47. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 2012ರ ಕೋಷ್ಟಕದ ಪ್ರಕಾರ 25ರಿಂದ 50 ಕೆ.ಜಿ. ತೂಕದ ಹಂದಿಗೆ ಬೇಕಾದದ್ದು ಶೇ 0.66, 50ರಿಂದ 75ರ ತನಕ ಶೇ 0.59. ಎರಡು ಪಟ್ಟಿಗಿಂತ ಹೆಚ್ಚು ಕೊಡುತ್ತಿದ್ದೀರಿ.

ಇದಕ್ಕೂ ಚರ್ಮಕ್ಕೂ ಕೊಂಡಿ ಸತು, ಅಂದರೆ ಜಿಂಕ್. ಜೋಳ-ಸೋಯಾ ಮೇವಿನ ಪ್ರತಿ ಕೆ.ಜಿ.ಯಲ್ಲಿ ಸ್ವಂತದ್ದಾಗಿ 30 ಮಿ.ಗ್ರಾಂ ಆಸುಪಾಸು ಸತು ಇರುತ್ತದೆ, ಬೇಕಾದದ್ದು 60. ಇದ್ದದ್ದರಲ್ಲೂ ಹೆಚ್ಚಿನ ಪಾಲನ್ನು ಕಾಳಿನಲ್ಲಿರುವ ಫೈಟೇಟ್ ಎಂಬ ವಸ್ತು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ವಿಪರೀತವಾದರೆ ಆ ಹಿಡಿತ ಇನ್ನೂ ಬಿಗಿಯಾಗಿ ಸತು ಕರುಳಿನಿಂದ ರಕ್ತಕ್ಕೆ ಹೋಗದೆ ಸೆಗಣಿಗೆ ಹೋಗುತ್ತದೆ. ಈ ರೋಗಕ್ಕೆ ಪ್ಯಾರಾಕೆರಟೋಸಿಸ್ ಎಂದು ಹೆಸರು. ಇದು ಸತುವಿನ ಕೊರತೆ ಎಂದು 1955ರಲ್ಲಿ ಅಲಬಾಮಾದ ಟಕರ್ ಮತ್ತು ಸ್ಯಾಲ್ಮನ್ ತೋರಿಸಿದರು. ಅದಕ್ಕೂ ಮುಂಚೆ ಇದನ್ನು ಕಜ್ಜಿ ಎಂದು ತಿಳಿದು ಮದ್ದು ಬಳಿದವರು ಬಹಳ ಮಂದಿ, ಈಗಲೂ ಇದ್ದಾರೆ.

ಎರಡನ್ನೂ ಬೇರೆ ಮಾಡಿ ನೋಡುವುದು ಕಷ್ಟವಲ್ಲ. ಕಜ್ಜಿಯಾದರೆ ಹಂದಿ ಗೋಡೆಗೆ, ಕಂಬಕ್ಕೆ ಉಜ್ಜಿಕೊಂಡೇ ಇರುತ್ತದೆ, ಕಿವಿಯ ಒಳಗೆ ಕಂದು ಹೊಪ್ಪಳೆ ಕಾಣುತ್ತದೆ. ಸತುವಿನ ಕೊರತೆಯಲ್ಲಿ ತುರಿಕೆ ಇಲ್ಲ, ಇದ್ದರೂ ಅಲ್ಪ. ಎಡಗಾಲಲ್ಲಿ ಇದ್ದಷ್ಟೇ ಬಲಗಾಲಲ್ಲೂ ಇರುತ್ತದೆ. ಚಕ್ಕೆ ಒಣದು, ಕೈಗೆ ಜಿಡ್ಡು ಹತ್ತುವುದಿಲ್ಲ. ಹಾಲು ಕುಡಿಯುವ ಮರಿಗೆ ಬರುವ ಜಿಡ್ಡುಚರ್ಮದ ರೋಗ ಬೇರೆ, ಅದು ಬ್ಯಾಕ್ಟೀರಿಯಾದ ಸೋಂಕು. ಅನುಮಾನ ಉಳಿದರೆ ಪಶುವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.

ಸುಣ್ಣಕಲ್ಲಿನ ಪುಡಿಯನ್ನು ನಾಳೆಯ ಮೇವಿನಿಂದಲೇ 900 ಗ್ರಾಂಗೆ ಇಳಿಸಿ. ಕ್ವಿಂಟಲ್ ಮೇವಿಗೆ ಸತುವಿನ ಸಲ್ಫೇಟ್ ಮಾನೋಹೈಡ್ರೇಟ್ 28 ಗ್ರಾಂ ಸೇರಿಸಿ. ಅದರಲ್ಲಿ ಸತು ಶೇ 35-36 ಇರುವುದರಿಂದ ಕೆ.ಜಿ.ಗೆ 100 ಮಿ.ಗ್ರಾಂ ಸಿಗುತ್ತದೆ. ಪಶು ಆಹಾರ ದರ್ಜೆಯದ್ದನ್ನೇ ಕೊಳ್ಳಿ. ಬೆಳೆಗೆ ಹಾಕುವ ಜಿಂಕ್ ಸಲ್ಫೇಟ್ ಅಗ್ಗವೆಂದು ತರಬೇಡಿ, ಅದರಲ್ಲಿ ಸೀಸ, ಕ್ಯಾಡ್ಮಿಯಂ ಬೆರೆತಿರಬಹುದು.

28 ಗ್ರಾಂ ಅಂದರೆ ಒಂದು ಮುಷ್ಟಿಯೂ ಅಲ್ಲ. ಹಾಗೇ ರಾಶಿಯ ಮೇಲೆ ಚೆಲ್ಲಿ ಸಲಿಕೆಯಲ್ಲಿ ಎರಡು ಸಲ ಮಗುಚಿದರೆ ಒಂದು ಹಂದಿಗೆ ಹತ್ತು ಪಾಲು, ಇನ್ನೊಂದಕ್ಕೆ ಸೊನ್ನೆ. ಅಂಗಡಿಯ ತಕ್ಕಡಿಯನ್ನು ನಂಬದೆ ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಮೊದಲು 1 ಕೆ.ಜಿ. ಜೋಳದ ಹಿಟ್ಟಿನಲ್ಲಿ ಕೈಯಿಂದ ಚೆನ್ನಾಗಿ ಬೆರೆಸಿ, ಅದನ್ನು 10 ಕೆ.ಜಿ. ಬೂಸಾದಲ್ಲಿ, ಆಮೇಲೆ ಪೂರ್ತಿ ರಾಶಿಯಲ್ಲಿ. ಹಿಟ್ಟಿನೊಳಗೆ ಬಿಳಿ ಗೆರೆ ಕಾಣುತ್ತಿದ್ದರೆ ಇನ್ನೂ ಬೆರೆತಿಲ್ಲವೆಂದೇ ಅರ್ಥ. ಮೊದಲು ಮೇವಿನ ಮೇಲಿನ ಆಸೆ ಮರಳುತ್ತದೆ, ಚರ್ಮ ತಿಳಿಯಾಗಲು ಕೆಲವು ವಾರ ಬೇಕು. ತಿಂಗಳಾದರೂ ಬದಲಾವಣೆ ಕಾಣದಿದ್ದರೆ ಕಾರಣ ಬೇರೆ ಇದೆ.

25-50 ಕೆ.ಜಿ. ಹಂತಕ್ಕೆ ಲೆಕ್ಕ ಸರಿದೂಗುವ ಒಂದು ಕ್ವಿಂಟಲ್ ಹೀಗಿರಲಿ: ಮೆಕ್ಕೆಜೋಳ 62 ಕೆ.ಜಿ., ಸೋಯಾ ಹಿಂಡಿ 22, ಗೋಧಿ ಬೂಸಾ 13.5, ಡಿಸಿಪಿ 1 ಕೆ.ಜಿ., ಸುಣ್ಣಕಲ್ಲಿನ ಪುಡಿ 900 ಗ್ರಾಂ, ಉಪ್ಪು 350 ಗ್ರಾಂ, ಹಂದಿಗೆಂದೇ ಮಾಡಿದ ಸೂಕ್ಷ್ಮ ಖನಿಜ-ವಿಟಮಿನ್ ಪ್ರೀಮಿಕ್ಸ್ 250 ಗ್ರಾಂ. ಪ್ರೀಮಿಕ್ಸ್‌ನ ಪ್ರಮಾಣ ಕಂಪನಿಯಿಂದ ಕಂಪನಿಗೆ ಬೇರೆ. ಚೀಲದ ಮೇಲೆ ಎಷ್ಟೆಂದಿದೆಯೋ ಅಷ್ಟು ಹಾಕಿ, ವ್ಯತ್ಯಾಸವನ್ನು ಜೋಳದಲ್ಲಿ ಸರಿಮಾಡಿಕೊಳ್ಳಿ. ಇದರಲ್ಲಿ ಕ್ಯಾಲ್ಸಿಯಂ ಶೇ 0.67, ಒಟ್ಟು ರಂಜಕ (ಫಾಸ್ಫರಸ್) ಶೇ 0.62ರ ಸುತ್ತ ಬರುತ್ತದೆ. ಪ್ರೀಮಿಕ್ಸ್‌ನಲ್ಲಿ ಸತು ಸಾಕಷ್ಟಿದ್ದರೆ, ಚರ್ಮ ವಾಸಿಯಾದ ಮೇಲೆ ಪ್ರತ್ಯೇಕ ಸಲ್ಫೇಟ್ ನಿಲ್ಲಿಸಿ.

ಪ್ರಶ್ನೆ: ಬೆಂಗಳೂರಿನ ಹೋಟೆಲ್ ಮುಸುರೆಯಲ್ಲೇ ಹಂದಿ ಸಾಕುತ್ತೇವೆ, ಜೊತೆಗೆ ಅಕ್ಕಿ ತೌಡು. 40 ಕೆ.ಜಿ. ಬಂದ ಮೇಲೆ ಕೆಲವು ಹಿಂಗಾಲು ಎಳೆಯುತ್ತವೆ. ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ, ಸಾಕಾಗುತ್ತದೆಯೇ? ಉಪ್ಪು ಬೇರೆ ಹಾಕಬೇಕೇ? (ಹೊಸಕೋಟೆ)

ಉತ್ತರ: ನಿಮ್ಮದು ಮೇಲಿನವರ ತದ್ವಿರುದ್ಧ ಕಥೆ. ಅನ್ನ, ಇಡ್ಲಿ, ಸಾಂಬಾರಿನ ಉಳಿಕೆಯಲ್ಲಿ ಕ್ಯಾಲ್ಸಿಯಂ ಇಲ್ಲವೇ ಇಲ್ಲ ಎನ್ನಬಹುದು. ತೌಡಿನಲ್ಲಿ ರಂಜಕ ಶೇ 1.5ರಷ್ಟಿದ್ದರೆ ಕ್ಯಾಲ್ಸಿಯಂ ಶೇ 0.07. ಇಪ್ಪತ್ತಕ್ಕೆ ಒಂದು. ಇರಬೇಕಾದದ್ದು ಸರಿಸುಮಾರು ಸಮ, ಇಲ್ಲವೇ ಕ್ಯಾಲ್ಸಿಯಂ ತುಸು ಮೇಲೆ. ತೌಡಿನ ರಂಜಕದಲ್ಲೂ ಹೆಚ್ಚಿನ ಪಾಲು ಫೈಟೇಟ್ ರೂಪದ್ದು, ಹಂದಿಯ ಹೊಟ್ಟೆ ಅದನ್ನು ಒಡೆಯಲಾರದು. ರಕ್ತದಲ್ಲಿ ಕ್ಯಾಲ್ಸಿಯಂ ಕಾಯ್ದುಕೊಳ್ಳಲು ದೇಹ ಎಲುಬಿನಿಂದ ತೆಗೆಯುತ್ತದೆ, ಬೆಳೆಯುತ್ತಿರುವ ಎಲುಬು ಭಾರ ತಾಳದೆ ಬಾಗುತ್ತದೆ.

40 ಕೆ.ಜಿ. ಹಂದಿಗೆ ದಿನಕ್ಕೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಬೇಕು. ಸಿರಪ್ ಬಾಟಲಿಯ ಮೇಲೆ 100 ಮಿ.ಲೀ.ಗೆ ಎಷ್ಟು ಗ್ರಾಂ ಎಂದು ಓದಿ ಭಾಗಿಸಿ ನೋಡಿ, ನೀವು ಕೊಡುವ ಮುಚ್ಚಳದಲ್ಲಿ ಎಷ್ಟು ಬಂತು ಎಂದು ಗೊತ್ತಾಗುತ್ತದೆ. ಅದರ ಬದಲು ಒಂದೊಂದು ಹಂದಿಗೆ ದಿನಕ್ಕೆ ಡಿಸಿಪಿ 20 ಗ್ರಾಂ, ಸುಣ್ಣಕಲ್ಲಿನ ಪುಡಿ 12 ಗ್ರಾಂ ಕೊಡಿ. ಕಡಿಮೆ ಖರ್ಚಿನಲ್ಲಿ 9 ಗ್ರಾಂ ಹತ್ತಿರ ಸಿಗುತ್ತದೆ, ಉಳಿದದ್ದು ಮೇವಿನಿಂದ. ಗೋಡೆಗೆ ಬಳಿಯುವ ಸುಣ್ಣ ಬೇಡ, ಅದು ಬಾಯಿ-ಗಂಟಲು ಸುಡುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಪುಡಿಯನ್ನು ಮುಸುರೆಯ ಡ್ರಮ್ಮಿಗೆ ಸುರಿಯುವುದು. ಖನಿಜ ನೀರಿಗಿಂತ ಭಾರ. ಹತ್ತು ನಿಮಿಷದಲ್ಲಿ ತಳ ಸೇರುತ್ತದೆ. ಮೊದಲ ಬಕೆಟ್ ಬಿದ್ದ ತೊಟ್ಟಿಯ ಹಂದಿಗೆ ಏನೂ ಸಿಗದು, ಕೊನೆಯ ತೊಟ್ಟಿಗೆ ಬೂದಿಯಂಥ ಗಸಿ. ಪುಡಿಯನ್ನು ಒಣ ತೌಡಿನಲ್ಲಿ ಬೆರೆಸಿ, ತೊಟ್ಟಿಗೆ ಮುಸುರೆ ಹಾಕಿದ ಮೇಲೆ ಮೇಲಿನಿಂದ ಉದುರಿಸಿ ಕಲಕಿ.

ಕೊಟ್ಟಿಗೆ ಕತ್ತಲಾಗಿದ್ದರೆ ವಿಟಮಿನ್ ಡಿ ಕೊರತೆಯಿಂದ ಈ ಕ್ಯಾಲ್ಸಿಯಂ ಒಳಗೆ ಹೋಗದು. ದಿನಕ್ಕಿಷ್ಟು ಹೊತ್ತು ಬಿಸಿಲು ಬೀಳುವ ಜಾಗ ಬಿಡಿ, ಇಲ್ಲವೇ ವಿಟಮಿನ್ ಇರುವ ಪ್ರೀಮಿಕ್ಸ್ ಬಳಸಿ. ಕೀಲು ಊದಿ ಬಿಸಿಯಿದ್ದರೆ, ಜ್ವರವಿದ್ದರೆ ಅದು ಖನಿಜದ ವಿಷಯವಲ್ಲ, ವೈದ್ಯರನ್ನು ಕರೆಸಿ.

ಉಪ್ಪು ಹಾಕಲೇಬೇಡಿ. ಸಾಂಬಾರು, ಉಪ್ಪಿನಕಾಯಿಯ ಮುಸುರೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಇದೆ. ನೀರು ಸದಾ ಸಿಗುತ್ತಿದ್ದರೆ ಹಂದಿ ತಡೆದುಕೊಳ್ಳುತ್ತದೆ. ಬೋರ್‌ವೆಲ್ ಮೋಟರ್ ಕೆಟ್ಟು ಒಂದೂವರೆ ದಿನ ನೀರಿಲ್ಲದಿದ್ದರೆ ಮಾತ್ರ ಅದೇ ಉಪ್ಪು ವಿಷ. ಮೂಗು ಅದುರುತ್ತದೆ, ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ನಾಯಿಯಂತೆ ಕುಳಿತು ಹಿಂದಕ್ಕೆ ಜರುಗಿ ಫಿಟ್ಸ್ ಬೀಳುತ್ತದೆ. ಆಗ ಕರುಣೆ ಬಂದು ತೊಟ್ಟಿ ತುಂಬಿಸಿಟ್ಟರೆ ಮಿದುಳು ನೀರು ಹೀರಿ ಊದಿಕೊಂಡು ಸಾವು ಬೇಗ ಬರುತ್ತದೆ. ಸ್ವಲ್ಪ ಸ್ವಲ್ಪವೇ, ಬಿಡುವು ಕೊಟ್ಟು, ಹಲವು ಗಂಟೆಗಳಲ್ಲಿ ಕುಡಿಸಿ. ಹಂದಿ ಬಾಯಿಟ್ಟು ನೀರು ಕುಡಿಯುವ ನಿಪ್ಪಲ್ ಇದ್ದರೆ ಲೀಟರ್ ಮಗ್ ಹಿಡಿದು ಮೊಬೈಲ್ ಗಡಿಯಾರ ನೋಡಿ. ನಿಮಿಷಕ್ಕೆ ಒಂದು ಲೀಟರ್ ಹತ್ತಿರ ಬರಬೇಕು. ಜಂಗು ಹಿಡಿದು ಹನಿಯುತ್ತಿರುವ ನಿಪ್ಪಲ್ ಇದ್ದೂ ಇಲ್ಲದಂತೆ.

ಮುಸುರೆಯಲ್ಲಿ ಮಾಂಸದ ಚೂರು ಇರುವುದು ಖಚಿತ. ಹಂದಿ ಮಾಂಸದ ಚೂರಿನಿಂದಲೂ ಹರಡುವ ಆಫ್ರಿಕನ್ ಹಂದಿಜ್ವರ 2020ರಿಂದ ದೇಶದಲ್ಲಿದೆ. ಅರ್ಧ ಗಂಟೆಯಾದರೂ ಕೊತಕೊತ ಕುದಿಸದೆ ಕೊಡಬೇಡಿ.

ಪ್ರಶ್ನೆ: ಹಸುವಿಗೆ ತಂದ ಖನಿಜ ಮಿಶ್ರಣ ಮನೆಯಲ್ಲಿದೆ. ಹಂದಿಗೂ ಅದನ್ನೇ ಹಾಕಬಹುದೇ? (ಸೋಮವಾರಪೇಟೆ)

ಉತ್ತರ: ಲೆಕ್ಕ ಹಾಕಿ ಬಳಸಿದರೆ ತುರ್ತಿಗೆ ನಡೆಯುತ್ತದೆ. ಚೀಲದ ಮೇಲೆ ಕ್ಯಾಲ್ಸಿಯಂ ಶೇ 20, ರಂಜಕ ಶೇ 12 ಎಂದಿದ್ದರೆ, ಮೇಲೆ ಹೇಳಿದ ಜೋಳ-ಸೋಯಾ-ಬೂಸಾ ಮೇವಿನ ಕ್ವಿಂಟಲ್‌ಗೆ 2 ಕೆ.ಜಿ. ಹಾಕಿ, ಡಿಸಿಪಿಯನ್ನು ಪೂರ್ತಿ ಬಿಡಿ, ಸುಣ್ಣಕಲ್ಲಿನ ಪುಡಿ 500 ಗ್ರಾಂ ಸಾಕು. ಡಿಸಿಪಿಯೂ ಇರಲಿ, ಇದೂ ಇರಲಿ ಎಂದರೆ ಮೊದಲ ಪ್ರಶ್ನೆಯ ಚರ್ಮಕ್ಕೇ ಬಂದು ನಿಲ್ಲುತ್ತೀರಿ. ಮಿಶ್ರಣದಲ್ಲಿ ಉಪ್ಪು ಇದೆಯೇ ನೋಡಿಕೊಳ್ಳಿ, ಇದ್ದರೆ ಬೇರೆ ಉಪ್ಪು ಕಡಿತಗೊಳಿಸಿ. ಹಂದಿಗೆ ಬೇಕಾದ ಸೆಲೆನಿಯಂ ಇಂಥ ಚೀಲಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ, ವಿಟಮಿನ್‌ಗಳೂ ಇಲ್ಲ. ಹಾಗೆಂದು ಸೆಲೆನಿಯಂ ಪುಡಿ ತಂದು ಮನೆಯಲ್ಲಿ ಬೆರೆಸಲು ಹೋಗಬೇಡಿ. ಬೇಕಾದದ್ದು ಕೆ.ಜಿ. ಮೇವಿಗೆ 0.2 ಮಿ.ಗ್ರಾಂ, ವಿಷವಾಗುವುದು 5ರಿಂದ 8ಕ್ಕೆ. ಸಲಿಕೆಯಲ್ಲಿ ಕಲೆಸುವವರ ಕೈಗೆ ಸಿಗುವ ಅಂತರವಲ್ಲ ಅದು.

ಪ್ರಶ್ನೆ: ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕಿದರೆ ಹಂದಿ ಬೇಗ ಬೆಳೆಯುತ್ತದಂತೆ, ನಿಜವೇ? (ವಿರಾಜಪೇಟೆ)

ಉತ್ತರ: ನಿಜ, ಆದರೆ ಪೂರ್ತಿ ನಿಜವಲ್ಲ. ಬೆಳೆಯುವ ಹಂದಿಗೆ ಪೋಷಣೆಗೆಂದು ಬೇಕಾದ ತಾಮ್ರ ಕೆ.ಜಿ. ಮೇವಿಗೆ 4 ಮಿ.ಗ್ರಾಂ ಮಾತ್ರ. 125ರಿಂದ 250 ಮಿ.ಗ್ರಾಂ ಕೊಟ್ಟಾಗ ಕರುಳಿನ ಸೂಕ್ಷ್ಮಾಣುಗಳ ಮೇಲೆ ಪರಿಣಾಮವಾಗಿ ಬೆಳವಣಿಗೆ ಹೆಚ್ಚುತ್ತದೆ, ಅದೂ ಹಾಲು ಬಿಟ್ಟ ಚಿಕ್ಕ ಮರಿಗಳಲ್ಲಿ. 50 ಕೆ.ಜಿ. ದಾಟಿದ ಹಂದಿಯಲ್ಲಿ ಲಾಭ ಅಷ್ಟಕ್ಕಷ್ಟೆ. 250 ಮೀರಿ, ಜೊತೆಗೆ ಸತು-ಕಬ್ಬಿಣ ಕಡಿಮೆಯಿದ್ದರೆ ರಕ್ತಹೀನತೆ, ಕಾಮಾಲೆ. ಉಳಿದ ತಾಮ್ರವೆಲ್ಲ ಗೊಬ್ಬರದ ಜೊತೆ ತೋಟ ಸೇರುತ್ತದೆ. ಇದೇ ಕಾರಣಕ್ಕೆ ಯುರೋಪಿಯನ್ ಒಕ್ಕೂಟ ಬೆಳೆದ ಹಂದಿಯ ಮೇವಿನಲ್ಲಿ ಕೆ.ಜಿ.ಗೆ 25 ಮಿ.ಗ್ರಾಂ ಮಿತಿ ಹಾಕಿದೆ. ಬೆಳೆಗೆ ಸಿಂಪಡಿಸುವ ಬೋರ್ಡೊ ಮಿಶ್ರಣಕ್ಕೆಂದು ತಂದಿಟ್ಟ ಮೈಲುತುತ್ತವನ್ನಂತೂ ಮೇವಿಗೆ ಮುಟ್ಟಿಸಬೇಡಿ. ಮನೆಯಲ್ಲಿ ಕುರಿಗಳಿದ್ದರೆ ತಾಮ್ರ ಬೆರೆಸಿದ ಹಂದಿ ಮೇವು ಅವುಗಳ ಬಾಯಿಗೆ ಸಿಗಕೂಡದು. ಹಂದಿ ತಡೆಯುವ ಪ್ರಮಾಣ ಕುರಿಯನ್ನು ಕೊಲ್ಲುತ್ತದೆ.

ಪ್ರಶ್ನೆ: ಡಿಸಿಪಿ ದುಬಾರಿ. ಫೈಟೇಸ್ ಹಾಕಿ ಉಳಿಸಬಹುದೇ? ಕಬ್ಬಿಣದ ಟಾನಿಕ್ ಕೂಡ ಬೇಕೇ? (ಬೆಳ್ತಂಗಡಿ)

ಉತ್ತರ: ಫೈಟೇಸ್ ಒಳ್ಳೆಯ ಉಪಾಯ. ಫೈಟೇಟ್ ಒಡೆದು ರಂಜಕ ಬಿಡಿಸುವ ಕಿಣ್ವ ಅದು. ಕೆ.ಜಿ. ಮೇವಿಗೆ 500 ಯೂನಿಟ್ ಲೆಕ್ಕ. ಗ್ರಾಮಿಗೆ 5000 ಯೂನಿಟ್‌ನ ಪುಡಿಯಾದರೆ ಕ್ವಿಂಟಲ್‌ಗೆ 10 ಗ್ರಾಂ. ಡಿಸಿಪಿ 1 ಕೆ.ಜಿ. ಇದ್ದದ್ದನ್ನು ಅರ್ಧಕ್ಕೆ ಇಳಿಸಿ, ಸುಣ್ಣಕಲ್ಲಿನ ಪುಡಿ 250 ಗ್ರಾಂ ಏರಿಸಿ. ಮೇವು ಬೇಯಿಸಿ ಕೊಡುವ ಅಭ್ಯಾಸವಿದ್ದರೆ ಬಿಸಿಯಲ್ಲಿ ಹಾಕಬೇಡಿ, ಕಿಣ್ವ ಸತ್ತು ದುಡ್ಡು ನೀರಾಗುತ್ತದೆ. ಆರಿದ ಮೇಲೆ ಬೆರೆಸಿ. ಕರಾವಳಿಯ ಮಳೆಗಾಲದಲ್ಲಿ ಡಬ್ಬದ ಬಾಯಿ ತೆರೆದಿಟ್ಟರೂ ಅದೇ ಗತಿ.

ಕಬ್ಬಿಣ ಬೇಕಾದದ್ದು ಹಾಲು ಕುಡಿಯುವ ಮರಿಗೆ. ತಾಯ ಹಾಲಿನಲ್ಲಿ ದಿನಕ್ಕೆ ಸಿಗುವುದು 1 ಮಿ.ಗ್ರಾಂ, ಬೇಕಾದದ್ದು 7ಕ್ಕಿಂತ ಹೆಚ್ಚು. ಹುಟ್ಟಿದ ಮೂರನೇ ದಿನದೊಳಗೆ ಕತ್ತಿನ ಸ್ನಾಯುವಿಗೆ ಐರನ್ ಡೆಕ್ಸ್‌ಟ್ರಾನ್ 200 ಮಿ.ಗ್ರಾಂ ಒಂದು ಸಲ ಕೊಡಿಸಿ. ಮೇವು ತಿನ್ನುವ ಹಂದಿಗೆ ಡಿಸಿಪಿ, ಸುಣ್ಣಕಲ್ಲು, ಬೂಸಾ, ಪ್ರೀಮಿಕ್ಸ್‌ನಿಂದ ಬರುವುದೇ ಸಾಕು. ಆಗಲೂ ಬಿಳಿಚಿಕೊಂಡಿದ್ದರೆ ಸೆಗಣಿ ಪರೀಕ್ಷಿಸಿ ಜಂತು ನೋಡಿಸಿ.