ಸೆನೆಟರ್‌ಗೆ ಬರೆದ ಕಾಗದ, ಅಂಚೆಯವರಿಗೆ ಬಂದ ಸಾವು

ಪ್ರಶ್ನೆ: ಮೇಡಂ, ನಾನು ಮೊದಲ ಬಾರಿಗೆ ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ಅಮೆರಿಕದಲ್ಲಿ ನಡೆಯುತ್ತದೆ. ಸರ್ಕಾರದ ಮೇಲೆ ರೋಗಾಣು ದಾಳಿ ಆಗುತ್ತದೆ. ಒಬ್ಬ ಸೆನೆಟರ್ ಭಾಷಣ ಮಾಡುತ್ತಲೇ ಕುಸಿಯುತ್ತಾನೆ, ಒಂದು ಗಂಟೆಯೊಳಗೆ ಅರ್ಧ ಸಭೆ ಆಸ್ಪತ್ರೆಯಲ್ಲಿರುತ್ತದೆ. ವೈದ್ಯಕೀಯವಾಗಿ ಇದು ಸರಿಯೇ?

ಉತ್ತರ: ಸರಿಯಿಲ್ಲ. ಒಂದು ಗಂಟೆಯಲ್ಲಿ ಹಾಗೆ ಜನರನ್ನು ಬೀಳಿಸುವುದು ವಿಷ ಅಥವಾ ವಿಷಾನಿಲ. ರೋಗಾಣುವಿಗೆ ಮೈಯೊಳಗೆ ಬೆಳೆಯಲು ಸಮಯ ಬೇಕು. ಉದಾಹರಣೆಗೆ ಆಂಥ್ರಾಕ್ಸ್ ಎಂಬ ಬ್ಯಾಕ್ಟೀರಿಯಾ ರೋಗ. ಅದರ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೋಗಾಣುಗಳು, ಉಸಿರಿನ ಜೊತೆ ಒಳಗೆ ಹೋದರೆ ರೋಗ ಕಾಣಿಸಲು ಸಾಮಾನ್ಯವಾಗಿ ಕೆಲವು ದಿನ ಬೇಕು, ಕೆಲವೊಮ್ಮೆ ವಾರಗಳೇ ಹಿಡಿಯಬಹುದು. ಬೀಜಕಗಳು ಶ್ವಾಸಕೋಶದಿಂದ ಎದೆಯ ನಡುವಿನ ಗ್ರಂಥಿಗಳಿಗೆ ಹೋಗಿ ಅಲ್ಲಿ ಮೊಳೆಯುತ್ತವೆ. ಶುರುವಿನಲ್ಲಿ ಜ್ವರ, ಮೈಕೈ ನೋವು, ಸುಸ್ತು. ಫ್ಲೂ ಅಂತ ಮಾತ್ರೆ ಕೊಟ್ಟು ಮನೆಗೆ ಕಳಿಸುವಂಥ ಲಕ್ಷಣಗಳು. ಆಮೇಲೆ ಉಸಿರಾಟ ಕೆಡುತ್ತದೆ, ಎಕ್ಸ್‌ರೇಯಲ್ಲಿ ಎದೆಯ ನಡುಭಾಗ ಅಗಲವಾಗಿ ಕಾಣುತ್ತದೆ. ಅಷ್ಟು ಹೊತ್ತಿಗೆ ರೋಗಾಣು ಬಿಟ್ಟ ವಿಷ ರಕ್ತದಲ್ಲಿ ತುಂಬಿರುತ್ತದೆ.

ಹಾಗಾಗಿ ನಿಮ್ಮ ಸೆನೆಟರ್ ಭಾಷಣ ಮುಗಿಸಿ, ಊಟ ಮಾಡಿ, ಮನೆಗೆ ಹೋಗಲಿ. ದಾಳಿ ಆಗಿದೆ ಅಂತ ಯಾರಿಗೂ ಗೊತ್ತಿರದ ಆ ದಿನಗಳಲ್ಲೇ ನಿಮ್ಮ ಕಥೆಯ ಭಯ ಇರಬೇಕು. ಇನ್ನೊಂದು ಮಾತು. ಆಂಥ್ರಾಕ್ಸ್ ಕೆಮ್ಮಿನಿಂದ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ನೀವು ಬರೆದು ಕಳಿಸಿದ ಅಧ್ಯಾಯದಲ್ಲಿ ನರ್ಸ್‌ಗಳು ರೋಗಿಯನ್ನು ಬಿಟ್ಟು ಓಡುತ್ತಾರೆ. ದಯವಿಟ್ಟು ಅದನ್ನು ತೆಗೆಯಿರಿ.

ಪ್ರಶ್ನೆ: ನನ್ನ ನಾಯಕ ಎಫ್‌ಬಿಐ ಅಧಿಕಾರಿ. ರೋಗವನ್ನು ಮೊದಲು ಅವನೇ ಪತ್ತೆ ಮಾಡುತ್ತಾನೆ. ನಂಬುವಂತಿದೆಯೇ?

ಉತ್ತರ: ನಿಜವಾಗಿ ನಡೆದದ್ದನ್ನು ಹೇಳುತ್ತೇನೆ. 2001ರ ಅಕ್ಟೋಬರ್ 2ರಂದು ಫ್ಲಾರಿಡಾದ ಆಸ್ಪತ್ರೆಯೊಂದಕ್ಕೆ ಪತ್ರಿಕಾ ಸಂಸ್ಥೆಯ ಒಬ್ಬ ಫೋಟೊ ಸಂಪಾದಕರನ್ನು ಕರೆತಂದರು. ಜ್ವರ, ತೊದಲು ಮಾತು, ಗೊಂದಲ. ಮೆದುಳಿನ ಪೊರೆಯ ಸೋಂಕು ಇರಬಹುದು ಅಂತ ಬೆನ್ನಿನಿಂದ ನೀರು ತೆಗೆದರು. ಸೋಂಕುರೋಗ ತಜ್ಞ ಲ್ಯಾರಿ ಬುಶ್ ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಗ್ರಾಮ್ ಪಾಸಿಟಿವ್, ಅಂದರೆ ಪರೀಕ್ಷೆಯ ಬಣ್ಣ ಹಾಕಿದಾಗ ನೇರಳೆಯಾಗುವ, ದಪ್ಪ ದಪ್ಪ ಕಡ್ಡಿಗಳಂಥ ಬ್ಯಾಕ್ಟೀರಿಯಾ ಕಂಡವು.

ಕೆಲಸದ ಜೀವನವೆಲ್ಲ ಲ್ಯಾಬಿನಲ್ಲಿ ಕಳೆದವಳು ನಾನು. ಇದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತು. ಇಂಥ ಕಡ್ಡಿಗಳು ಮಣ್ಣಿನಲ್ಲಿ, ಧೂಳಿನಲ್ಲಿ ಎಲ್ಲೆಡೆ ಇರುವ ಬ್ಯಾಸಿಲಸ್ ಜಾತಿಯವೂ ಆಗಿರಬಹುದು. ಸ್ಲೈಡಿನಲ್ಲಿ ಕಂಡರೆ ಯಾರಾದರೂ ಮೊದಲು ಹೇಳುವುದು "ಕಂಟ್ಯಾಮಿನೇಶನ್ ಇರಬೇಕು, ಇನ್ನೊಂದು ಸ್ಯಾಂಪಲ್ ಕಳಿಸಿ" ಅಂತ. ಅಮೆರಿಕದಲ್ಲಿ ಉಸಿರಿನ ಮೂಲಕ ಬಂದ ಆಂಥ್ರಾಕ್ಸ್ 1976ರ ನಂತರ ಕಂಡೇ ಇರಲಿಲ್ಲ. ಆದರೂ ಬುಶ್ ಅದನ್ನು ಹಾಗೆ ತಳ್ಳಿಹಾಕಲಿಲ್ಲ. ಆಂಥ್ರಾಕ್ಸ್ ಇರಬಹುದು ಅಂತ ಹೇಳಿ ಆರೋಗ್ಯ ಇಲಾಖೆಗೆ ತಿಳಿಸಿದರು, ಮಾದರಿ ರಾಜ್ಯದ ಲ್ಯಾಬಿಗೆ ಹೋಯಿತು. 4ನೇ ತಾರೀಖು ರೋಗ ಖಚಿತವಾಯಿತು. ಅದೇ ದಿನ ಕೇಂದ್ರದ ಆರೋಗ್ಯ ಮಂತ್ರಿ ಟಾಮಿ ಥಾಂಪ್ಸನ್ ಇದು ಒಂಟಿ ಪ್ರಕರಣ ಅಂದರು, ರೋಗಿ ಹಳ್ಳದ ನೀರು ಕುಡಿದದ್ದನ್ನೂ ಹೇಳಿದರು. ಮಾರನೆಯ ದಿನ ರೋಗಿ ತೀರಿಕೊಂಡರು.

ನಿಮ್ಮ ಎಫ್‌ಬಿಐ ಅಧಿಕಾರಿ ಇರಲಿ. ಆದರೆ ಮೊದಲ ಎಳೆ ಹಿಡಿಯುವವರು ಲ್ಯಾಬಿನಲ್ಲೋ ವಾರ್ಡಿನಲ್ಲೋ ಇರಲಿ.

ಪ್ರಶ್ನೆ: ಒಂದು ಲಕೋಟೆಯಿಂದ ಸರ್ಕಾರವನ್ನೇ ಅಲ್ಲಾಡಿಸಲು ಸಾಧ್ಯವೇ?

ಉತ್ತರ: ಅಲ್ಲಾಡಿಸಿತು. ಆದರೆ ಸತ್ತವರು ಯಾರು ಅಂತ ನೋಡಿ.

ಆ ವರ್ಷ, 2001ರಲ್ಲಿ, ಆಂಥ್ರಾಕ್ಸ್ ಪುಡಿ ತುಂಬಿ ಬಂದ ಲಕೋಟೆಗಳ ಮೇಲೆ ನ್ಯೂಜೆರ್ಸಿ ರಾಜ್ಯದ ಟ್ರೆಂಟನ್‌ನ ಅಂಚೆ ಮುದ್ರೆ ಇತ್ತು. ಸೆಪ್ಟೆಂಬರ್ 18ರ ಮುದ್ರೆ ಇದ್ದವು ಮಾಧ್ಯಮದವರಿಗೆ. ಅಕ್ಟೋಬರ್ 9ರವು ಸೆನೆಟರ್ ಟಾಮ್ ಡ್ಯಾಶಲ್ ಮತ್ತು ಪ್ಯಾಟ್ರಿಕ್ ಲೇಹಿ ಅವರಿಗೆ. ಲೇಹಿ ಅವರದು ಪಿನ್‌ಕೋಡ್ ತಪ್ಪಾಗಿ ಓದಿ ಬೇರೆಡೆಗೆ ಹೋಯಿತು. ಅದು ಸಿಕ್ಕಿದ್ದು ನವೆಂಬರ್‌ನಲ್ಲಿ. ಡ್ಯಾಶಲ್ ಅವರದನ್ನು ಅಕ್ಟೋಬರ್ 15ರಂದು ಸೆನೆಟ್‌ನ ಹಾರ್ಟ್ ಕಟ್ಟಡದಲ್ಲಿದ್ದ ಅವರ ಕಚೇರಿಯಲ್ಲಿ ಒಡೆದರು. ಪುಡಿ ಹಾರಿತು. ಅಲ್ಲಿದ್ದವರ ಮೂಗಿನ ಸ್ವಾಬ್ ತೆಗೆದರು, ತಕ್ಷಣ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆ ಶುರು ಮಾಡಿದರು. ಅವರಲ್ಲಿ ಒಬ್ಬರಿಗೂ ರೋಗ ಬರಲಿಲ್ಲ. ವೈದ್ಯಕೀಯ ವ್ಯವಸ್ಥೆ ಅಲ್ಲಿ ಚೆನ್ನಾಗಿಯೇ ಕೆಲಸ ಮಾಡಿತು.

ಆದರೆ ಆ ಲಕೋಟೆ ಆಕಾಶದಿಂದ ಬಿದ್ದಿರಲಿಲ್ಲ. ವಾಷಿಂಗ್ಟನ್‌ನ ಬ್ರೆಂಟ್‌ವುಡ್ ಅಂಚೆ ಕೇಂದ್ರದ ಮೂಲಕ ಬಂದಿತ್ತು. ಕಾಗದಗಳನ್ನು ವಿಂಗಡಿಸುವ ಯಂತ್ರ ಲಕೋಟೆಯನ್ನು ಭಾರಿ ವೇಗದಲ್ಲಿ ಒತ್ತಿಕೊಂಡು ಎಳೆಯುತ್ತದೆ. ಬೀಜಕ ಎಷ್ಟು ಸಣ್ಣದೆಂದರೆ ಕಾಗದದ ರಂಧ್ರಗಳಲ್ಲೇ ಹೊರಬರುತ್ತದೆ. ಅಂಟಿಸಿದ ಲಕೋಟೆಯಿಂದ ಏನೂ ಸೋರುವುದಿಲ್ಲ ಅಂತ ಅಧಿಕಾರಿಗಳು ನಂಬಿದ್ದರು. ಕೆಲಸಗಾರರಿಗೂ ಹಾಗೇ ಹೇಳಿದರು. 18ನೇ ತಾರೀಖು ಅಂಚೆ ಇಲಾಖೆಯ ಮುಖ್ಯಸ್ಥರು ಅದೇ ಕೇಂದ್ರದೊಳಗೆ ಪತ್ರಿಕಾಗೋಷ್ಠಿ ಮಾಡಿದರು. ಕೇಂದ್ರ ಮುಚ್ಚಿದ್ದು 21ಕ್ಕೆ. ಆ ದಿನ ಅಲ್ಲಿನ ಒಬ್ಬ ಕೆಲಸಗಾರರು ತೀರಿಕೊಂಡರು, ಮಾರನೆಯ ದಿನ ಇನ್ನೊಬ್ಬರು. ಒಬ್ಬರು ತುರ್ತು ಸೇವೆಗೆ ಫೋನ್ ಮಾಡಿ, ತಮಗೆ ಆಂಥ್ರಾಕ್ಸ್ ತಗುಲಿರಬಹುದು ಅಂತ ತಾವೇ ಹೇಳಿದ್ದರು. ಇನ್ನೊಬ್ಬರು ಆಸ್ಪತ್ರೆಗೆ ಹೋಗಿದ್ದರು, ಮನೆಗೆ ಕಳಿಸಿದ್ದರು.

ಒಟ್ಟು 22 ಜನರಿಗೆ ರೋಗ ಬಂತು, 5 ಜನ ಸತ್ತರು. ಸೆನೆಟರ್‌ಗಳಲ್ಲಿ ಯಾರಿಗೂ ರೋಗ ಬರಲಿಲ್ಲ. ಸತ್ತವರಲ್ಲಿ ನ್ಯೂಯಾರ್ಕ್‌ನ ಒಬ್ಬ ಆಸ್ಪತ್ರೆ ನೌಕರರು, ಕನೆಕ್ಟಿಕಟ್‌ನ 94 ವರ್ಷದ ಒಬ್ಬ ಅಜ್ಜಿ ಕೂಡ ಇದ್ದರು. ಇದನ್ನು ಓದುವಾಗ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಮಾತ್ರೆ ಇತ್ತು, ಪರೀಕ್ಷೆ ಇತ್ತು, ಆ ಕಾಗದ ಯಾವ ದಾರಿಯಲ್ಲಿ ಬಂತು ಅಂತಲೂ ಗೊತ್ತಿತ್ತು. ಲಕೋಟೆ ಒಡೆದವರ ಜೊತೆಗೇ ಅದನ್ನು ಹೊತ್ತವರಿಗೂ ಮಾತ್ರೆ ಕೊಡಬಹುದಿತ್ತು, ಅಲ್ವಾ? ನಿಮ್ಮ ಕಾದಂಬರಿಯಲ್ಲಿ ಶ್ವೇತಭವನ ಇದೆ, ಸೇನೆ ಇದೆ, ಬಂಕರ್ ಇದೆ. ರಾತ್ರಿ ಪಾಳಿಯಲ್ಲಿ ಕಾಗದ ವಿಂಗಡಿಸುವವರು ಒಬ್ಬರೂ ಇಲ್ಲ. ಅವರಿಗೆ ಹೆಸರು ಕೊಡಿ, ಮನೆ ಕೊಡಿ, ಎರಡು ಅಧ್ಯಾಯ ಕೊಡಿ.

ಪ್ರಶ್ನೆ: ಖಳನಾಯಕ ಆ ಪುಡಿಯನ್ನು ಹೇಗೆ ತಯಾರಿಸುತ್ತಾನೆ? ವಿವರ ಬೇಕಿತ್ತು.

ಉತ್ತರ: ಅದನ್ನು ಬರೆಯುವುದಿಲ್ಲ, ನೀವೂ ಬರೆಯಬೇಡಿ. ಬಾಗಿಲು ಮುಚ್ಚಿತು ಅನ್ನುವಲ್ಲಿಗೆ ದೃಶ್ಯ ನಿಲ್ಲಿಸಿದರೆ ಓದುಗರಿಗೆ ಏನೂ ಕಮ್ಮಿಯಾಗುವುದಿಲ್ಲ.

ಪ್ರಶ್ನೆ: ದಾಳಿ ಆಗಿದ್ದೇ ಗೊತ್ತಾಗದೆ ಹೋಗಬಹುದೇ?

ಉತ್ತರ: ಹೋಗಬಹುದು, ಹಾಗೆ ಆಗಿಯೂ ಇದೆ. 1984ರಲ್ಲಿ ಆರೆಗಾನ್ ರಾಜ್ಯದ ದ ಡಾಲ್ಸ್ ಎಂಬ ಊರಿನಲ್ಲಿ 751 ಜನರಿಗೆ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣುವಿನ ಸೋಂಕು ತಗುಲಿತು. ರಜನೀಶ್ (ಓಶೋ) ಕಮ್ಯೂನಿನ ಕೆಲವರು ಹೋಟೆಲುಗಳ ಸಲಾಡ್ ಬಾರ್‌ಗಳಲ್ಲಿ ಅದನ್ನು ಬೆರೆಸಿದ್ದರು. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಚುನಾವಣೆಯ ದಿನ ಊರಿನ ಮತದಾರರು ಹಾಸಿಗೆ ಹಿಡಿದಿರಬೇಕು, ಅದು ಅವರ ಗುರಿ. ಅದಕ್ಕೂ ಮೊದಲು, ಕಮ್ಯೂನಿಗೆ ಬಂದ ಇಬ್ಬರು ಕೌಂಟಿ ಕಮಿಷನರ್‌ಗಳಿಗೆ ಸೋಂಕಿನ ನೀರು ಕುಡಿಸಿದ್ದರು. ಅದೃಷ್ಟಕ್ಕೆ ಯಾರೂ ಸಾಯಲಿಲ್ಲ.

ನಿಮ್ಮ ಕಥೆಗೆ ಬೇಕಾದದ್ದು ಮುಂದಿನ ಭಾಗ. ಆರೋಗ್ಯ ಇಲಾಖೆಯವರು ತನಿಖೆ ಮಾಡಿ, ಅಡುಗೆಯವರು ಕೈ ಸರಿಯಾಗಿ ತೊಳೆಯದ್ದೇ ಕಾರಣ ಅಂತ ಬರೆದರು. ಸಂಸದ ಜೇಮ್ಸ್ ವೀವರ್ ಮಾತ್ರ ಇದು ಬೇಕಂತಲೇ ಮಾಡಿದ್ದು ಅಂತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಹೇಳಿದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಕಮ್ಯೂನಿನೊಳಗೇ ಒಡಕು ಬಂದು, 1985ರಲ್ಲಿ ರಜನೀಶರೇ ತಮ್ಮವರ ಮೇಲೆ ಆರೋಪ ಮಾಡಿದ ಮೇಲೆ ಪೊಲೀಸರು ಅಲ್ಲಿನ ಲ್ಯಾಬ್ ಹೊಕ್ಕರು. ರೋಗಿಗಳಲ್ಲಿ ಸಿಕ್ಕಿದ್ದಕ್ಕೆ ಹೊಂದುವ ರೋಗಾಣು ಅಲ್ಲಿ ಸಿಕ್ಕಿತು. ಅಷ್ಟು ದಿನ ಆ ಹೋಟೆಲುಗಳ ಕೆಲಸಗಾರರು ಹೊತ್ತ ಅಪವಾದವನ್ನು ಯೋಚಿಸಿ. ಅದೇ ಒಂದು ಕಾದಂಬರಿ ಆಗುತ್ತದೆ.

ಪ್ರಶ್ನೆ: 2001ರ ಅಪರಾಧಿ ಸಿಕ್ಕಿದನೇ? ನನ್ನ ಕಥೆಯ ಕೊನೆಗೆ ಬೇಕು.

ಉತ್ತರ: ಎಫ್‌ಬಿಐ ಮೊದಲು ಸ್ಟೀವನ್ ಹ್ಯಾಟ್‌ಫಿಲ್ ಎಂಬ ವಿಜ್ಞಾನಿಯ ಬೆನ್ನು ಹತ್ತಿತು. ಅವರು ನಿರಪರಾಧಿ. 2008ರಲ್ಲಿ ಸರ್ಕಾರ ಅವರಿಗೆ ಪರಿಹಾರ ಕೊಟ್ಟಿತು. ಅಷ್ಟು ಹೊತ್ತಿಗೆ ಬೆರಳು ತಿರುಗಿದ್ದು ಫೋರ್ಟ್ ಡೆಟ್ರಿಕ್‌ನ ಸೇನಾ ಲ್ಯಾಬಿನಲ್ಲಿ ಆಂಥ್ರಾಕ್ಸ್ ಲಸಿಕೆಯ ಕೆಲಸ ಮಾಡುತ್ತಿದ್ದ ಬ್ರೂಸ್ ಐವಿನ್ಸ್ ಕಡೆಗೆ. ಮೊಕದ್ದಮೆ ಹೂಡುವ ಮೊದಲೇ, 2008ರ ಜುಲೈನಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು. ಒಬ್ಬರೇ ಮಾಡಿದ್ದು ಅಂತ ಹೇಳಿ 2010ರಲ್ಲಿ ತನಿಖೆ ಮುಗಿಸಿದರು. ಮರುವರ್ಷ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ, ಬರೀ ವಿಜ್ಞಾನದ ಸಾಕ್ಷ್ಯದಿಂದ ಪುಡಿಯ ಮೂಲವನ್ನು ಖಚಿತವಾಗಿ ಹೇಳಲಾಗದು ಅಂದಿತು. ನ್ಯಾಯಾಲಯದಲ್ಲಿ ವಿಚಾರಣೆ ನಡೆಯಲೇ ಇಲ್ಲ.

ಆದ್ದರಿಂದ ಕೊನೆಯ ಅಧ್ಯಾಯದಲ್ಲಿ ಖಳನಾಯಕ ಎಲ್ಲವನ್ನೂ ಒಪ್ಪಿಕೊಳ್ಳುವ ಭಾಷಣ ಬೇಡ ಅನ್ನುವುದು ನನ್ನ ಸಲಹೆ. ತಿದ್ದಿದ ಮೇಲೆ ಆಸ್ಪತ್ರೆಯ ಭಾಗಗಳನ್ನು ಮತ್ತೆ ಕಳಿಸಿ. ಓದಿ, ಔಷಧಿಯ ವಿವರ ಸರಿಯಿದೆಯೇ ಅಂತ ನೋಡಿಕೊಡುತ್ತೇನೆ.