ನಾಲ್ಕು ಜನ ಕಾರಲ್ಲಿ ಊರಿಗೆ ಹೋದರೆ ತಪ್ಪಾ? ಡೀಸೆಲ್ ಲೆಕ್ಕ ಬರೆದವನ ಉತ್ತರ

ಪ್ರಶ್ನೆ: "ಬೆಂಗಳೂರಿನ ವಿಜಯನಗರದಲ್ಲಿ ಇದ್ದೇವೆ. ದೀಪಾವಳಿಗೆ ನಾನು, ಹೆಂಡತಿ, ಅಮ್ಮ, ಮಗಳು ಪೆಟ್ರೋಲ್ ಕಾರಲ್ಲಿ ಹುಬ್ಬಳ್ಳಿಗೆ ಹೋಗುತ್ತೇವೆ. ರೈಲಲ್ಲಿ ಹೋಗೋ, ನಿನ್ನಂಥವರಿಂದಲೇ ಪರಿಸರ ಹಾಳು ಅಂತ ಗೆಳೆಯನೊಬ್ಬ ಬೈಯುತ್ತಾನೆ. ಅವನದು ಎಲೆಕ್ಟ್ರಿಕ್ ಕಾರು, ಹೊಗೆಯೇ ಇಲ್ಲವಂತೆ. ರೈಲು, ಬಸ್ಸು ಹೇಗೂ ಓಡುತ್ತವೆ, ನಾನು ಹತ್ತದಿದ್ದರೆ ಏನು ವ್ಯತ್ಯಾಸ ಅನ್ನುವುದು ನನ್ನ ವಾದ. ವಾರಕ್ಕೆ ಮೂರು ದಿನ ವೈಟ್‌ಫೀಲ್ಡ್ ಆಫೀಸಿಗೆ ಹೋಗಲು ಕಾರು ಬೇಕೇ ಬೇಕು, ಇದ್ದ ಮೇಲೆ ಊರಿಗೂ ಅದರಲ್ಲೇ ಹೋದರಾಯಿತು. ಯಾರು ಸರಿ?"

ಊರಿನ ವಿಷಯದಲ್ಲಿ ನಿಮ್ಮ ಮೇಲೆ ಅಂಥ ದೊಡ್ಡ ಆರೋಪವೇನೂ ನಿಲ್ಲುವುದಿಲ್ಲ. ಆದರೆ ಪ್ರಶ್ನೆಯ ಕೊನೆಯಲ್ಲಿ ಸುಮ್ನೆ ಹೇಳಿ ಮುಗಿಸಿದ್ದೀರಲ್ಲ, ವೈಟ್‌ಫೀಲ್ಡ್ ಅಂತ, ಅಲ್ಲಿದೆ ನೋಡಿ ವಿಷಯ. ಇಬ್ಬರೂ ವರ್ಷಕ್ಕೆ ಎರಡು ಮೂರು ಸಲ ಬರುವ ಹುಬ್ಬಳ್ಳಿ ದಾರಿ ಹಿಡಿದು ಜಗಳ ಆಡುತ್ತಿದ್ದೀರಿ. ಪೆಟ್ರೋಲ್ ಸುರಿಯುತ್ತಿರುವುದು ಇನ್ನೊಂದು ಕಡೆ.

ನಾನು ಸರ್ಕಾರಿ ಬಸ್ ಡಿಪೋ ಒಂದರಲ್ಲಿ ಬಹಳ ವರ್ಷ ಡೀಸೆಲ್ ಲೆಕ್ಕ ಬರೆದವನು. ಹಾಗಾಗಿ ನನ್ನ ತಲೆ ಓಡುವುದು ಲೀಟರಿನಲ್ಲೇ. ಮೊದಲು ಒಂದು ಸಣ್ಣ ಲೆಕ್ಕ ಮನಸ್ಸಲ್ಲಿ ಇಟ್ಟುಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಡೀಸೆಲ್ ಆದರೆ 2.7 ಕೆಜಿ ಹತ್ತಿರ. ಮುಕ್ಕಾಲು ಕೆಜಿ ತೂಗುವ ಪೆಟ್ರೋಲಿನಿಂದ ಎರಡೂಕಾಲು ಕೆಜಿ ಹೊಗೆ ಹೇಗೆ ಬಂತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪೆಟ್ರೋಲಿನಲ್ಲಿರುವ ಇಂಗಾಲ ಉರಿಯುವಾಗ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. ತೂಕದಲ್ಲಿ ಹೆಚ್ಚಿನ ಪಾಲು ಆ ಆಮ್ಲಜನಕದ್ದೇ. ಅಷ್ಟೇ.

ಈಗ ಹುಬ್ಬಳ್ಳಿ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿ ಮೇಲೆ ಹೋದರೆ ಸುಮಾರು 410 ಕಿ.ಮೀ. ಹೈವೇಯಲ್ಲಿ ನಿಮ್ಮ ಕಾರು ಲೀಟರಿಗೆ 17 ಕೊಡುತ್ತದೆ ಅಂದುಕೊಳ್ಳೋಣ. 24 ಲೀಟರ್, ಅಂದರೆ 55 ಕೆಜಿ. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ 14 ಕೆಜಿ. ಅದೇ ಕಾರಲ್ಲಿ ನೀವೊಬ್ಬರೇ ಹೋದರೆ ಆ 55 ಕೆಜಿ ಪೂರ್ತಿ ನಿಮ್ಮದೇ. ವಿಮಾನದಲ್ಲಿ ಹೋದರೂ ಒಬ್ಬರ ಪಾಲು ಹೆಚ್ಚುಕಮ್ಮಿ ಅದೇ ಮಟ್ಟಕ್ಕೆ ಬರುತ್ತದೆ. ಮೇಲೇರಲೇ ಜಾಸ್ತಿ ಇಂಧನ ಬೇಕು, ಏರಿ ಸ್ವಲ್ಪ ಹೊತ್ತಿಗೆ ಇಳಿಯುವ ಇಂಥ ಗಿಡ್ಡ ದಾರಿಯಲ್ಲಿ ಅದು ಬಹಳ ದುಬಾರಿ. ಅದರ ಮೇಲೆ ವಿಜಯನಗರದಿಂದ ದೇವನಹಳ್ಳಿವರೆಗೆ ಟ್ಯಾಕ್ಸಿ ಬೇರೆ.

ಬಸ್ಸಿಗೆ ಬನ್ನಿ. ಸಾದಾ ಎಕ್ಸ್‌ಪ್ರೆಸ್ ಬಸ್ಸು ಲೀಟರಿಗೆ 5 ಕಿ.ಮೀ. ಆಸುಪಾಸು ಓಡುತ್ತದೆ. ಹುಬ್ಬಳ್ಳಿಗೆ 82 ಲೀಟರ್, 220 ಕೆಜಿ. 45 ಜನ ಕೂತಿದ್ದರೆ ತಲೆಗೆ 5 ಕೆಜಿ. ನಿಮ್ಮ ಕಾರಿನ ಮೂರನೇ ಒಂದು ಭಾಗ. ಅಮ್ಮ, ಹೆಂಡತಿ, ಮಗಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡೂ ಇಲ್ಲ. ತುಂಬಿದ ರೈಲೂ ನನ್ನ ಅಂದಾಜಿನಲ್ಲಿ ಇದೇ ಮಟ್ಟದ್ದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ, ಎಳೆಯಲು ಶಕ್ತಿ ಕಡಿಮೆ ಸಾಕು. ಹುಬ್ಬಳ್ಳಿ ದಾರಿಯಲ್ಲಿ ಈಗ ಕರೆಂಟಿನ ಎಂಜಿನ್ನು. ಸೋಲಾರು, ಗಾಳಿಯ ಕರೆಂಟು ಜಾಸ್ತಿ ಆದಂತೆಲ್ಲ ರೈಲಿನ ಲೆಕ್ಕ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಡೀಸೆಲ್ ಬಸ್ಸಿಗೆ ಆ ಭಾಗ್ಯ ಇಲ್ಲ.

ಆದರೆ "ಬಸ್ಸು" ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವವರನ್ನು ನಾನು ನಂಬುವುದಿಲ್ಲ. ಎಸಿ ಸ್ಲೀಪರ್ ತಗೊಳ್ಳಿ. ಗಾಡಿ ಭಾರ, ಎಸಿ ರಾತ್ರಿಯಿಡೀ ಓಡಬೇಕು. ಲೀಟರಿಗೆ ಮೂರೂವರೆ ಕಿ.ಮೀ. ಬಂದರೆ ಪುಣ್ಯ. ಹುಬ್ಬಳ್ಳಿಗೆ 117 ಲೀಟರ್, 310 ಕೆಜಿಗೂ ಮೇಲೆ. ಬರ್ತ್ ಇರುವುದು 30ರ ಆಸುಪಾಸು. ಎಲ್ಲವೂ ತುಂಬಿದ್ದರೆ ತಲೆಗೆ 10 ಕೆಜಿ ಚಿಲ್ಲರೆ. ಮಂಗಳವಾರದ ಮಳೆ ರಾತ್ರಿ 20 ಜನ ಮಾತ್ರ ಮಲಗಿದ್ದರೆ 15 ಕೆಜಿ ದಾಟಿತು. ಅಂದರೆ ನಿಮ್ಮ ನಾಲ್ಕು ಜನರ ಕಾರಿಗಿಂತ ಸ್ವಲ್ಪ ಜಾಸ್ತಿಯೇ! ಗಾಡಿ ಯಾವುದು ಅಂತ ಕೇಳುವ ಮೊದಲು ಅದರಲ್ಲಿ ಎಷ್ಟು ತಲೆ ಅಂತ ಕೇಳಬೇಕು. ಡಿಪೋದಲ್ಲಿ ಇದಕ್ಕೆ ಲೋಡ್ ಫ್ಯಾಕ್ಟರ್ ಅನ್ನುತ್ತಾರೆ. ನೂರು ಸೀಟಿಗೆ ಎಷ್ಟು ತುಂಬಿತು ಅನ್ನುವ ಲೆಕ್ಕ.

ಇಲ್ಲಿಯೇ ನಿಮ್ಮ "ಹೇಗೂ ಓಡುತ್ತವೆ" ಅನ್ನುವ ವಾದವನ್ನೂ ನೋಡೋಣ. ಇವತ್ತು ರಾತ್ರಿಯ ಮಟ್ಟಿಗೆ ನೀವು ಹೇಳಿದ್ದು ಸರಿ. ನೀವು ಹತ್ತಲಿ ಬಿಡಲಿ, ಬಸ್ಸು ಹೊರಡುತ್ತದೆ. ಆದರೆ ಶೆಡ್ಯೂಲು ಅನ್ನುವುದು ಕಲ್ಲಲ್ಲಿ ಕೊರೆದದ್ದಲ್ಲ. ಯಾವ ಶೆಡ್ಯೂಲಲ್ಲಿ ಕಿಲೋಮೀಟರಿಗೆ ಎಷ್ಟು ದುಡ್ಡು ಬಂತು, ಎಷ್ಟು ಸೀಟು ಖಾಲಿ ಹೋಯಿತು ಅಂತ ತಿಂಗಳು ತಿಂಗಳು ನೋಡುತ್ತಾರೆ. ಖಾಲಿ ಓಡಿದ್ದಕ್ಕೆ ಕತ್ತರಿ ಬೀಳುತ್ತದೆ. ನಿಂತು ಹೋಗುವಷ್ಟು ಜನ ಇದ್ದರೆ ಇನ್ನೊಂದು ಗಾಡಿ ಹಾಕುತ್ತಾರೆ. ನಿಮ್ಮಂತೆ ಯೋಚಿಸುವ ಸಾವಿರ ಜನ ಕಾರು ತೆಗೆದರೆ ಒಂದು ರಾತ್ರಿ ಬಸ್ಸು ನಿಂತೇ ಹೋಗುತ್ತದೆ. ಆಮೇಲೆ ಕಾರಿಲ್ಲದವರ ಗತಿ?

ಹಬ್ಬದ ಲೆಕ್ಕ ಮಾತ್ರ ಬೇರೆ. ಇದನ್ನು ಹೊರಗಿನವರು ಗಮನಿಸುವುದು ಕಡಿಮೆ. ದೀಪಾವಳಿ, ದಸರಾ ಬಂದರೆ ಮೆಜೆಸ್ಟಿಕ್ಕಿನಿಂದ ನೂರಾರು ಹೆಚ್ಚುವರಿ ಬಸ್ಸು ಬಿಡುತ್ತಾರೆ. ಹೋಗುವಾಗ ಕಾಲಿಡಲು ಜಾಗ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಜನ ಇಳಿಸಿ ಆ ಗಾಡಿ ಮತ್ತೆ ಬೆಂಗಳೂರಿಗೆ ಬರಬೇಕಲ್ಲ, ಮರುದಿನದ ಜನಕ್ಕೆ? ಹಬ್ಬದ ಹಿಂದಿನ ದಿನ ಬೆಂಗಳೂರಿಗೆ ಯಾರು ಬರುತ್ತಾರೆ! ಡ್ರೈವರು, ಕಂಡಕ್ಟರು, ಇನ್ನೊಂದಿಷ್ಟು ಜನ. ಆ ಖಾಲಿ ಓಟದ ಡೀಸೆಲ್ಲನ್ನೂ ಹೋಗುವಾಗಿನವರ ತಲೆಗೇ ಕಟ್ಟಬೇಕು. ಆಗ 5 ಕೆಜಿ ಇದ್ದದ್ದು 10ರ ಹತ್ತಿರ ಬರುತ್ತದೆ. ನಿಮ್ಮ ಕಾರಿನ 14ಕ್ಕೂ ಇದಕ್ಕೂ ಅಂತರ ಸಣ್ಣದಾಯಿತು. ಆದ್ದರಿಂದ ಹಬ್ಬದ ವಾರದಲ್ಲಿ ನಾಲ್ಕು ಸೀಟು ತುಂಬಿಸಿಕೊಂಡು ಹೋಗುವ ಕಾರನ್ನು ನಾನಂತೂ ಬೈಯುವುದಿಲ್ಲ. ರೈಲು ಟಿಕೆಟ್ ಸಿಕ್ಕರೆ ಅದೇ ಒಳ್ಳೆಯದು, ಅಮ್ಮನಿಗೂ ಕಾಲು ಚಾಚಿ ಕೂರಬಹುದು. ದೀಪಾವಳಿಗೆ ಸಿಗುತ್ತದಾ ಅನ್ನುವುದು ನಿಮಗೇ ಗೊತ್ತು.

ಕಾರಲ್ಲೇ ಹೋಗುವುದಾದರೆ ನಮ್ಮ ಡಿಪೋದ ಒಂದು ಪಾಠ ಹೇಳಿಬಿಡುತ್ತೇನೆ. ಬಸ್ಸು ಒಳಗೆ ಬಂದು ಡೀಸೆಲ್ ಹಾಕಿದ ಮೇಲೆ ಆ ಗಾಡಿಯ ಕೆಎಂಪಿಎಲ್ ಬರೆಯುತ್ತಿದ್ದೆವು, ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ, ಡ್ರೈವರ್ ಹೆಸರಿನ ಜೊತೆ. ಅದೇ ಗಾಡಿ, ಅದೇ ರೂಟು, ಒಬ್ಬರ ಕೈಯಲ್ಲಿ 5, ಇನ್ನೊಬ್ಬರ ಕೈಯಲ್ಲಿ ಐದೂವರೆ. ದಿನಕ್ಕೆ 400 ಕಿ.ಮೀ. ಓಡುವ ಬಸ್ಸಿಗೆ ಅದು ಏಳು ಲೀಟರಿನ ವ್ಯತ್ಯಾಸ. ಐದೂವರೆ ತರುತ್ತಿದ್ದ ಹಳೆಯ ಡ್ರೈವರೊಬ್ಬರ ಪಕ್ಕ ಬಾನೆಟ್ ಮೇಲೆ ಕೂತು ಹೋಗಿದ್ದೇನೆ. ದೂರದಲ್ಲಿ ಹಂಪ್ ಕಂಡರೆ ಸಾಕು, ಆಕ್ಸಿಲರೇಟರಿನಿಂದ ಕಾಲು ಎತ್ತಿಬಿಡೋರು. ಗಾಡಿ ಗೇರಿನಲ್ಲೇ ತಾನಾಗಿ ನಿಧಾನ ಆಗುತ್ತಾ ಬಂದು ಹಂಪ್ ದಾಟುತ್ತಿತ್ತು. ಬ್ರೇಕು ಮುಟ್ಟುತ್ತಿದ್ದದ್ದೇ ಅಪರೂಪ. "ಬ್ರೇಕ್ ಒತ್ತಿದಾಗೆಲ್ಲ ಸುಟ್ಟ ಡೀಸೆಲ್ ನೆಲಕ್ಕೆ ಚೆಲ್ಲಿದಂಗೆ" ಅನ್ನೋರು. ನಿಮಗೂ ಇಷ್ಟೇ. ತುಮಕೂರು ದಾಟಿದ ಮೇಲೆ ರಸ್ತೆ ನುಣ್ಣಗಿದೆ ಅಂತ 110ಕ್ಕೆ ಹೊಡೆಯಬೇಡಿ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 80ರಿಂದ 110ಕ್ಕೆ ಹೋದರೆ ಅದು ಹೆಚ್ಚುಕಮ್ಮಿ ಎರಡು ಪಟ್ಟು. ಟೈರಿನ ಗಾಳಿ ನೋಡಿಸಿ. ಮೇಲಿನ ಕ್ಯಾರಿಯರ್ ಖಾಲಿ ಇದ್ದರೆ ಬಿಚ್ಚಿಡಿ.

ಸರಿ, ಈಗ ವೈಟ್‌ಫೀಲ್ಡ್.

ವಿಜಯನಗರದಿಂದ ವೈಟ್‌ಫೀಲ್ಡಿನ ಐಟಿಪಿಎಲ್ ಟೆಕ್ ಪಾರ್ಕ್ ಕಡೆಗೆ 25 ಕಿ.ಮೀ. ಇಟ್ಟುಕೊಳ್ಳಿ. ಹೋಗಿ ಬಂದರೆ 50. ವಾರಕ್ಕೆ ಮೂರು ದಿನ, ರಜೆ ಎಲ್ಲ ಕಳೆದು ವರ್ಷಕ್ಕೆ 140 ದಿನ ಅಂದರೂ 7000 ಕಿ.ಮೀ. ಸಿಗ್ನಲ್ಲಿನಲ್ಲಿ ನಿಂತು, ಮಾರತ್‌ಹಳ್ಳಿಯಲ್ಲಿ ಮೊದಲನೇ ಗೇರಲ್ಲಿ ತೆವಳಿ ಲೀಟರಿಗೆ 11 ಬಂದರೆ ಹೆಚ್ಚು. 636 ಲೀಟರ್, ಅಂದರೆ ಸುಮಾರು 1460 ಕೆಜಿ. ಇದರಲ್ಲಿ ಪಾಲು ಕೇಳಲು ಯಾರೂ ಇಲ್ಲ, ಪಕ್ಕದ ಸೀಟಲ್ಲಿ ಕೂತಿರುವುದು ಲ್ಯಾಪ್‌ಟಾಪ್ ಬ್ಯಾಗು. ಹುಬ್ಬಳ್ಳಿಗೆ ವರ್ಷಕ್ಕೆ ಮೂರು ಸಲ ಹೋಗಿ ಬಂದರೂ ಇಡೀ ಕಾರಿನ ಲೆಕ್ಕ 330 ಕೆಜಿ, ನಿಮ್ಮ ಪಾಲು 85 ದಾಟುವುದಿಲ್ಲ. ಎಲ್ಲಿಯ 85, ಎಲ್ಲಿಯ 1460!

ನಿಮ್ಮ ಅದೃಷ್ಟಕ್ಕೆ ಈ ದಾರಿಯಲ್ಲಿ ನೇರಳೆ ಮಾರ್ಗದ ಮೆಟ್ರೋ ಇದೆ. 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನ ಕಾಡುಗೋಡಿವರೆಗೆ ಒಂದೇ ಉಸಿರಿಗೆ ಹೋಗುತ್ತದೆ, ವಿಜಯನಗರದಲ್ಲಿ ಹತ್ತಿದರೆ ಗಾಡಿ ಬದಲಿಸುವ ಕೆಲಸವೇ ಇಲ್ಲ. ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ಈ ಭಾಗ್ಯ ಇದೆ ಹೇಳಿ. ಮೆಜೆಸ್ಟಿಕ್ಕಲ್ಲಿ ನುಗ್ಗುವ ಜನ ನೋಡಿದರೆ ಉಸಿರು ಕಟ್ಟುತ್ತದೆ, ಒಪ್ಪುತ್ತೇನೆ. ಆದರೆ ನೀವು ಹತ್ತುವುದು ಅದಕ್ಕೂ ಮೊದಲು. 2025ರ ಫೆಬ್ರವರಿಯಲ್ಲಿ ದರ ಏರಿಸಿ ಗರಿಷ್ಠ ಟಿಕೆಟ್ 90 ರೂಪಾಯಿ ಮಾಡಿದಾಗ ಜನ ಸಿಟ್ಟಾದದ್ದೂ ನ್ಯಾಯವೇ. ಇಂಥ ದರ ಏರಿಕೆಯೇ ಜನರನ್ನು ಮತ್ತೆ ಬೈಕಿಗೆ ಹತ್ತಿಸುವುದು. ಆದರೂ ಹೋಗಿ ಬರಲು 180 ರೂಪಾಯಿ ಅಂದುಕೊಳ್ಳಿ. ನಿಮ್ಮ ಕಾರು ದಿನಕ್ಕೆ ನಾಲ್ಕೂವರೆ ಲೀಟರ್ ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ 450. ಪಾರ್ಕಿಂಗು ಬೇರೆ.

ಗೆಳೆಯನ ಎಲೆಕ್ಟ್ರಿಕ್ ಕಾರಿನ ಬಗ್ಗೆ ಎರಡು ಮಾತು. ಹೊಗೆ ಇಲ್ಲ ಅನ್ನುವುದು ಬಾಲದ ಕಡೆಯಿಂದ ನೋಡಿದರೆ ನಿಜ. ಆದರೆ ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್ ಲೆಕ್ಕ ಬರುತ್ತದೆ, ಕಲ್ಲಿದ್ದಲು ಇನ್ನೂ ಅಷ್ಟಿದೆ. ಯೂನಿಟ್ಟಿಗೆ ಆರೇಳು ಕಿ.ಮೀ. ಓಡಿದರೆ ಕಿಲೋಮೀಟರಿಗೆ ನೂರು ಗ್ರಾಂಗಿಂತ ಸ್ವಲ್ಪ ಜಾಸ್ತಿ. ಸಿಟಿಯಲ್ಲಿ ನಿಮ್ಮ ಪೆಟ್ರೋಲ್ ಕಾರಿನದು 200ಕ್ಕೂ ಮೇಲೆ. ಹಾಗಾಗಿ ಅವನದು ಅರ್ಧಕ್ಕೆ ಅರ್ಧ ವಾಸಿ, ಸೊನ್ನೆಯಂತೂ ಅಲ್ಲ. ಬ್ಯಾಟರಿ ತಯಾರಿಸುವಾಗ ಸುರಿದದ್ದನ್ನು ಇದರಲ್ಲಿ ಸೇರಿಸಿಲ್ಲ. ಆಫೀಸಲ್ಲಿ ಮಧ್ಯಾಹ್ನ ಚಾರ್ಜ್ ಹಾಕಲು ಹೇಳಿ, ಪಾವಗಡದಂಥ ಕಡೆ ಸೋಲಾರು ಜೋರಾಗಿ ಬರುವ ಹೊತ್ತು ಅದು. ಇನ್ನು ಅವನೂ ಒಬ್ಬನೇ ಕೂತು ಹೋಗುತ್ತಿದ್ದರೆ ಸಿಲ್ಕ್ ಬೋರ್ಡಿನಲ್ಲಿ ನಿಮ್ಮಷ್ಟೇ ಜಾಗ ತಿನ್ನುತ್ತಾನೆ, ಅವನ ಹಿಂದೆ ನಿಂತ ಡೀಸೆಲ್ ಬಸ್ಸು ಅಷ್ಟು ಹೊತ್ತು ಸುಮ್ನೆ ಉರಿಯುತ್ತಲೇ ಇರುತ್ತದೆ.

ಹಾಗಾಗಿ ನನ್ನ ಉತ್ತರ: ಊರಿಗೆ ನಾಲ್ಕು ಜನ ಕಾರಲ್ಲೇ ಹೋಗಿ ಬನ್ನಿ, ಗೆಳೆಯನಿಗೆ ಅಳುಕದೆ ಹೇಳಿ. ಆಫೀಸಿಗೆ ಮೂರು ದಿನದಲ್ಲಿ ಎರಡು ದಿನವಾದರೂ ಮೆಟ್ರೋ ಹತ್ತಿ. ಆ ಎರಡು ದಿನದಲ್ಲಿ ವರ್ಷಕ್ಕೆ 400 ಲೀಟರಿಗೂ ಜಾಸ್ತಿ ಪೆಟ್ರೋಲ್ ಉಳಿಯುತ್ತದೆ. ನಿಮ್ಮ ಆಫೀಸು ಪಟ್ಟಂದೂರು ಅಗ್ರಹಾರ ಸ್ಟೇಷನ್ನಿಗೆ ಹತ್ತಿರವೋ, ಕುಂದಲಹಳ್ಳಿಗೋ? ಅದನ್ನು ತಿಳಿಸಿ. ಕೊನೆಯ ಒಂದೆರಡು ಕಿಲೋಮೀಟರಿಗೆ ಫೀಡರ್ ಬಸ್ಸು ಆಗುತ್ತದಾ, ನಡೆದೇ ಹೋಗಬಹುದಾ ಅಂತ ನೋಡೋಣ.