ಒಂಬತ್ತು ಮಂದಿಗೆ ಒಂದೇ ಸಂಡಾಸ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಕೆಗೆ 24 ವರ್ಷ. ಹಾವೇರಿ ಕಡೆಯ ಹಳ್ಳಿಯವಳು. ಪಿಎಸ್‌ಐ ಪರೀಕ್ಷೆಗೆ ಓದಲೆಂದು ಧಾರವಾಡದ ಸಪ್ತಾಪುರದಲ್ಲಿ ಪಿಜಿ ಹಿಡಿದಿದ್ದಳು. ಓದಿದ್ದು ತಲೆಗೆ ಹತ್ತುತ್ತಿಲ್ಲ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದಳು. ಮೊದಲ ದಿನ ಪರೀಕ್ಷೆ, ಮನೆಯ ಸಾಲ, ಮದುವೆಯ ಒತ್ತಾಯ ಎಲ್ಲ ಮಾತಾಡಿದೆವು. ಮಾತಿನ ನಡುವೆ ಮೂರ್ನಾಲ್ಕು ಸಲ ಹೊಟ್ಟೆ ಒತ್ತಿ ಹಿಡಿದುಕೊಂಡಳು. ನೀರು ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಟ್ಟಳು.

ಎರಡನೇ ಭೇಟಿಯಲ್ಲಿ ನಾನೇ ಕೇಳಿದೆ. "ದಿನಾ ಹೊಟ್ಟಿ ಸಾಫ್ ಆಗ್ತದೇನವಾ?"

ನೆಲ ನೋಡಿದಳು. "ಹೆಂಗ್ ಹೇಳಬೇಕ್ರಿ ಮೇಡಂ... ನಾಲ್ಕೈದು ದಿನಕ್ಕೊಮ್ಮೆ ಆಗ್ತೈತ್ರಿ. ಅದೂ ತಿಣುಕಿ ತಿಣುಕಿ. ಕುರಿ ಹಿಕ್ಕಿ ಹಂಗ. ಒಮ್ಮೊಮ್ಮೆ ರಕ್ತಾನೂ ಕಾಣ್ತೈತ್ರಿ." ಇಷ್ಟು ಹೇಳಿ ಅತ್ತುಬಿಟ್ಟಳು. ಎಂಟು ತಿಂಗಳಿಂದ ಅವ್ವನಿಗೂ ಹೇಳಿರಲಿಲ್ಲ.

ದಿನಾ ಒಂದು ಸಲ ಆಗಲೇಬೇಕು ಅಂತಿಲ್ಲ. ದಿನಕ್ಕೆ 3 ಸಲದಿಂದ ವಾರಕ್ಕೆ 3 ಸಲದವರೆಗೆ, ಅವರವರ ರೂಢಿ. ಆದರೆ ನಾಲ್ಕೈದು ದಿನಕ್ಕೊಮ್ಮೆ ಆಗುವುದು, ತಿಣುಕುವುದು, ಹಿಕ್ಕಿಯಂಥ ಮಲ, ಇವು ಮಲಬದ್ಧತೆಯ ಲಕ್ಷಣವೇ. ಕಾರಣ ಹುಡುಕಲು ಆಕೆಯ ಒಂದು ದಿನವನ್ನು ಗಂಟೆ ಗಂಟೆಯಾಗಿ ಹೇಳಿಸಿದೆ.

ಪಿಜಿಯಲ್ಲಿ 9 ಹುಡುಗಿಯರಿಗೆ ಒಂದೇ ಸಂಡಾಸ. ಬೆಳಿಗ್ಗೆ 6ರಿಂದ ಪಾಳಿ. ಒಳಗೆ ಹೋಗಿ ಎರಡು ನಿಮಿಷಕ್ಕೆ ಬಾಗಿಲು ಬಡಿಯುತ್ತಾರೆ. ಓದುವ ಹಾಲ್‌ನಲ್ಲಿ ಫ್ಯಾನ್ ಕೆಳಗಿನ ಕುರ್ಚಿ ಬೇಕೆಂದರೆ 7ಕ್ಕೆ ಅಲ್ಲಿರಬೇಕು. ಹೀಗಾಗಿ ಒತ್ತಡ ಬಂದರೂ ತಡೆದುಕೊಂಡು ಓಡುವುದು. ಹಾಲ್‌ನ ಸಂಡಾಸ ಗಲೀಜು, ಅಲ್ಲಿಗೆ ಹೋಗಬಾರದೆಂದು ನೀರನ್ನೇ ಬಿಟ್ಟಿದ್ದಳು. ರಾತ್ರಿ 9ರವರೆಗೆ ಅರ್ಧ ಲೀಟರ್ ಬಾಟಲಿ ಮುಗಿಯುತ್ತಿರಲಿಲ್ಲ. ತಿನ್ನುವುದು ಉಪ್ಪಿಟ್ಟು, ಅನ್ನ ಸಾರು, ಸಂಜೆ ಮಿರ್ಚಿ ಇಲ್ಲವೇ ಚಹಾ ಟೋಸ್ಟ್. ಊರಲ್ಲಿ ಜೋಳದ ರೊಟ್ಟಿ, ಪಲ್ಯ ತಿಂದು ಬೆಳೆದ ಹೊಟ್ಟೆ ಅದು.

ತಡೆದುಕೊಂಡರೆ ಒಳಗೆ ಏನಾಗುತ್ತದೆ ಅಂತ ಚಿತ್ರ ಬರೆದು ತೋರಿಸಿದೆ. ಮಲ ಉಳಿದಷ್ಟು ಹೊತ್ತು ದೊಡ್ಡ ಕರುಳು ಅದರ ನೀರನ್ನು ಹೀರುತ್ತಲೇ ಇರುತ್ತದೆ. ಗಟ್ಟಿಯಾಗಿ ಹೊರಬರುವಾಗ ಗುದದ್ವಾರ ಸೀಳಬಹುದು. ಆ ನೋವಿಗೆ ಹೆದರಿ ಮತ್ತೆ ತಡೆಯುತ್ತೇವೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಒತ್ತಡ ಬಂದದ್ದೇ ತಿಳಿಯದ ಹಾಗಾಗುತ್ತದೆ. "ಹೌದ್ರಿ, ಈಗೀಗ ಬರೂದ ಗೊತ್ತಾಗವಲ್ದು" ಅಂದಳು.

ರಕ್ತ ಕಂಡಿದೆ ಅಂದ ಮೇಲೆ ಮೊದಲು ಡಾಕ್ಟರ ಹತ್ತಿರ ಕಳಿಸಿದೆ. ಇದರಲ್ಲಿ ನಾನು ಎಂದೂ ರಾಜಿ ಆಗುವುದಿಲ್ಲ. ರಕ್ತ, ತೂಕ ಇಳಿಯುವುದು, ಹೊಟ್ಟೆ ಉಬ್ಬಿ ವಾಂತಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಇವಕ್ಕೆ ಮನೆಮದ್ದು ಮಾಡುತ್ತಾ ಕೂರಬಾರದು. ಆಕೆಗೆ ಇದ್ದದ್ದು ಸಣ್ಣ ಸೀಳು. ಥೈರಾಯ್ಡ್ ಸರಿ ಇತ್ತು. ರಕ್ತಹೀನತೆಗೆ ನುಂಗುತ್ತಿದ್ದ ಕಬ್ಬಿಣದ ಮಾತ್ರೆಯೂ ಮಲವನ್ನು ಗಟ್ಟಿ ಮಾಡುತ್ತದೆ, ಡಾಕ್ಟರು ಅದನ್ನು ಬದಲಿಸಿದರು. ಸುಮ್ನೆ ತಾನೇ ನಿಲ್ಲಿಸಿದ್ದರೆ ರಕ್ತ ಇನ್ನೂ ಕಡಿಮೆ ಆಗುತ್ತಿತ್ತು. ಗೆಳತಿ ಕೊಟ್ಟ ಸೋನಾಮುಖಿ ಪುಡಿಯನ್ನು ಎರಡು ತಿಂಗಳಿಂದ ರಾತ್ರಿ ರಾತ್ರಿ ತಿನ್ನುತ್ತಿದ್ದಳು. ಎಲೆಯೇ ಅಲ್ವಾ ಅನ್ನಬಹುದು. ಆದರೆ ಅದು ಕರುಳನ್ನು ಕೆರಳಿಸಿ ಕೆಲಸ ಮಾಡಿಸುವ ಔಷಧ. ನಾಲ್ಕು ದಿನಕ್ಕೆ ಸರಿ, ಡಾಕ್ಟರನ್ನು ಕೇಳದೆ ತಿಂಗಳುಗಟ್ಟಲೆ ತಿನ್ನಬಾರದು.

ನಿಜವಾದ ಕೆಲಸ ಬೆಳಗಿನ ಪಾಳಿಯದ್ದು. ಹೊಟ್ಟೆಗೆ ಏನಾದರೂ ಬಿದ್ದಾಗ ದೊಡ್ಡ ಕರುಳು ತಾನಾಗಿ ಅಲುಗುತ್ತದೆ, ಬೆಳಿಗ್ಗೆ ಅದು ಜೋರು. 5ಕ್ಕೆ ಎದ್ದು ಎರಡು ಲೋಟ ಬೆಚ್ಚಗಿನ ನೀರು, ಒಂದು ಬಾಳೆಹಣ್ಣು. ಅರ್ಧ ಗಂಟೆ ಬಿಟ್ಟು, ಒತ್ತಡ ಬಂದಿರಲಿ ಬಿಡಲಿ, ಹತ್ತು ನಿಮಿಷ ಕೂರುವುದು. ತಿಣುಕಬಾರದು, ಮೊಬೈಲ್ ಒಯ್ಯಬಾರದು. ಆದರೆ ಆ ಹತ್ತು ನಿಮಿಷ ಬಾಗಿಲು ಬಡಿಯದವರು ಬೇಕಲ್ಲ! ಗೆಳತಿಯರ ಹತ್ತಿರ ಹೇಗೆ ಮಾತು ತೆಗೆಯಬೇಕೆಂದು ನನ್ನ ಮುಂದೆಯೇ ಎರಡು ಸಲ ಹೇಳಿಸಿದೆ. ಹೋಗಿ ಹೇಳಿದಳು. ಇನ್ನೂ ಮೂವರಿಗೆ ಇದೇ ತೊಂದರೆ ಇತ್ತಂತೆ. ಗೋಡೆಗೆ ಪಾಳಿಯ ಚೀಟಿ ಅಂಟಿಸಿದರು.

ಊರಲ್ಲಿ ಕುಕ್ಕರುಗಾಲಲ್ಲಿ ಕೂತು ರೂಢಿ, ಪಿಜಿಯಲ್ಲಿ ಕಮೋಡು. ಕಾಲ ಕೆಳಗೆ ಗೇಣೆತ್ತರದ ಸ್ಟೂಲ್ ಇಟ್ಟುಕೋ ಅಂದೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಬಂದರೆ ಮಲದ ದಾರಿಯನ್ನು ಮಡಚಿ ಹಿಡಿದ ಸ್ನಾಯು ಸಡಿಲಾಗುತ್ತದೆ, ದಾರಿ ನೆಟ್ಟಗಾಗುತ್ತದೆ.

ಊಟಕ್ಕೆ ಹೊಸದೇನೂ ಹೇಳಲಿಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದಿನಕ್ಕೆ ಬೇಕಾದದ್ದು 25–30 ಗ್ರಾಂ. ಮಧ್ಯಾಹ್ನ ಖಾನಾವಳಿಗೆ ಹೋಗಿ ಎರಡು ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯ, ಮೂಲಂಗಿ ತಿನ್ನು ಅಂದೆ. ಅವ್ವ ಊರಿಂದ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಕಳಿಸಿದರು. ಸಂಜೆ ಮಿರ್ಚಿ ಬದಲು ಪೇರಲ. ಎಲ್ಲ ಒಂದೇ ದಿನ ಶುರು ಮಾಡಿದರೆ ಗ್ಯಾಸ್ ಆಗುತ್ತದೆ, ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ನೀರು ಕುಡಿಯದೆ ನಾರು ತಿಂದರೆ ಇನ್ನಷ್ಟು ಗಟ್ಟಿ. ದಿನಕ್ಕೆ ಎರಡು ಲೀಟರ್ ಎಂದು ಲೆಕ್ಕ ಹಾಕಿಕೊಟ್ಟೆ. ಸಂಜೆ ಕೆಸಿಡಿ (ಕರ್ನಾಟಕ ಕಾಲೇಜು) ಕಡೆ ಅರ್ಧ ಗಂಟೆ ನಡಿಗೆ.

ಮೊದಲ ವಾರ ಏನೂ ಬದಲಾಗಲಿಲ್ಲ, ಬೇಸರದಲ್ಲೇ ಬಂದಳು. ಮೂರನೇ ವಾರಕ್ಕೆ ಎರಡು ದಿನಕ್ಕೊಮ್ಮೆ ಆಯಿತು. ಎರಡನೇ ತಿಂಗಳಲ್ಲಿ ರಕ್ತ ನಿಂತಿತ್ತು. ನಿದ್ದೆ ಬರುತ್ತಿತ್ತು, ಓದಲು ಕೂತರೆ ಕೂರಲು ಆಗುತ್ತಿತ್ತು. ಮನೆಯ ಸಾಲ, ಮದುವೆಯ ಮಾತು ಹಾಗೆಯೇ ಇವೆ, ಆ ಭೇಟಿಗಳು ಇನ್ನೂ ನಡೆದಿವೆ.

ಪರೀಕ್ಷೆಯ ಹಿಂದಿನ ದಿನ ಮೆಸೇಜ್ ಬಂತು. "ಮೇಡಂ, ಎರಡ್ ದಿನದಿಂದ ಮತ್ತ ನಿಂತೈತ್ರಿ. ಟೆನ್ಶನ್ ಇರಬೇಕು. ಈ ಸಲ ಅವ್ವಗ ಹೇಳೀನ್ರಿ."